ಹಿತ್ತಿಲ ದಾರಿಗೆ ಟೈಲ್ಸ್ ಬೇಡ, ಒರಟು ಕಲ್ಲು ಹಾಕಿಸಿ

ಅಡುಗೆಮನೆ ಬಾಗಿಲಿನಿಂದ ಬಾವಿಯ ತನಕ 30 ಅಡಿ ದಾರಿಗೆ ಟೈಲ್ಸೋ, ಒಂದಕ್ಕೊಂದು ಸೇರಿಸಿ ಕೂರಿಸುವ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕೋ, ಶಹಾಬಾದ್ ಕಲ್ಲೋ ಅಂತ ಕೇಳಿದ್ದೀರಿ. ಊರು ತೀರ್ಥಹಳ್ಳಿ ಕಡೆ ಅಂದಿದ್ದೀರಲ್ವಾ? ಅಷ್ಟು ಮಳೆ ಬೀಳುವ ಕಡೆ ಆದರೆ ಒರಟು ಮೈಯ ಗ್ರಾನೈಟ್ ಹಾಸುಗಲ್ಲು ಹಾಕಿಸಿ. ಟೈಲ್ಸ್ ಯೋಚನೆ ಈಗಲೇ ಬಿಟ್ಟುಬಿಡಿ.

ನಮ್ಮ ಮನೆ ಸಾಗರದ ಹತ್ತಿರ. ನಾವು ಹಿತ್ತಿಲಿಗೆ ಟೈಲ್ಸ್ ಹಾಕಿಸಿದ್ದೆವು. 'ಹೊರಗಡೆಗೂ ಆಗುತ್ತೆ' ಅಂತ ಅಂಗಡಿಯವರು ಹೇಳಿದ್ದರು. ಜುಲೈ ಹೊತ್ತಿಗೆ ಕಣ್ಣಿಗೆ ಸುಲಭಕ್ಕೆ ಕಾಣಿಸದಷ್ಟು ತೆಳ್ಳಗೆ ಹಾವಸೆ ಕಟ್ಟಿತು. ಅಮ್ಮ ಕೊಡಪಾನ ಹಿಡಿದು ಬರುವಾಗ ಜಾರಿ ಬಿದ್ದರು, ಮಣಿಕಟ್ಟು ಮುರಿಯಿತು. ಹಾವಸೆಯ ಮೇಲೆ ಅವರ ಹಿಮ್ಮಡಿ ಎಳೆದ ಮೊಳದುದ್ದದ ಗೆರೆ ಮರುದಿನವೂ ಹಾಗೇ ಇತ್ತು. ಆ ಮಳೆಗಾಲ ಪೂರ್ತಿ ಟೈಲ್ಸ್ ಮೇಲೆ ಅಡಿಕೆ ದಬ್ಬೆ ಹಾಸಿಕೊಂಡು ಓಡಾಡಿದೆವು.

ಆಮೇಲೆ ಹಾಕಿಸಿದ್ದು ಫ್ಲೇಮ್ಡ್ ಗ್ರಾನೈಟ್. ಕಲ್ಲಿನ ಮೇಲೆ ಗ್ಯಾಸ್ ಬೆಂಕಿ ಹಾಯಿಸಿದಾಗ ಹರಳುಗಳು ಸಿಡಿದು ಮೈ ಒರಟಾಗುತ್ತದೆ. ಕೈಯಾಡಿಸಿದರೆ ಕಲ್ಲುಪ್ಪು ಮುಟ್ಟಿದ ಹಾಗೆ. ಹಾವಸೆ ಇದರ ಮೇಲೂ ಬರುತ್ತದೆ, ಆದರೆ ಕಾಲಿಗೆ ಹಿಡಿತ ಸಿಗುತ್ತದೆ. ಎರಡು ಇಂಚು ದಪ್ಪದ್ದೇ ಕೇಳಿ.

ಶಹಾಬಾದ್ ಸುಣ್ಣದ ಕಲ್ಲು. ಕಲಬುರಗಿ ಕಡೆಯ ಒಣ ಹವೆಗೆ ಚೆನ್ನಾಗಿದೆ, ನಮ್ಮಲ್ಲಿ ಒಳಗೆ ಜಗಲಿಗೆ ಹಾಕಬಹುದು. ಓಡಾಡಿ ಓಡಾಡಿ ನುಣುಪಾಗುತ್ತದೆ, ಹುಣಸೆ, ನಿಂಬೆ ಹುಳಿ ಬಿದ್ದರೆ ಕಲೆಯೂ ಉಳಿಯುತ್ತದೆ. ಇಂಟರ್‌ಲಾಕ್ ಕೆಟ್ಟದ್ದಲ್ಲ. ಪೈಪ್ ಒಡೆದರೆ ನಾಲ್ಕು ಎತ್ತಿ ಮತ್ತೆ ಕೂರಿಸಬಹುದು. ನಡೆಯುವ ದಾರಿಗೆ 60 ಮಿಲಿಮೀಟರ್ ದಪ್ಪದ್ದು ಸಾಕು, ಕಾರು ಬರುವುದಾದರೆ 80 ಬೇಕು. ಆದರೆ ಸಂದಿಯ ಮರಳನ್ನು ಇರುವೆಗಳು ಹೊರಗೆ ತಂದು ಹಾಕುತ್ತವೆ, ಹುಲ್ಲೂ ಬರುತ್ತದೆ. ವರ್ಷಕ್ಕೊಮ್ಮೆ ಮರಳು ತುಂಬುವ ತಾಳ್ಮೆ ಇದ್ದರೆ ಹಾಕಿಸಿ.

ಯಾವ ಕಲ್ಲಾದರೂ ಕೆಳಗಿನ ಕೆಲಸದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಏಳು ಇಂಚು ಅಗೆದು, ನಾಲ್ಕು ಇಂಚು ಜಲ್ಲಿ ಹಾಕಿ ದಮ್ಮಸು ಮಾಡಿಸಿ. ಮೇಲೆ ಎರಡು ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಅದರ ಮೇಲೆ ಕಲ್ಲು. ಕಲ್ಲು ಎರಡು ಇಂಚಿನದ್ದಾದರೆ ಆಗ ದಾರಿ ನೆಲಕ್ಕಿಂತ ಒಂದಿಂಚು ಎತ್ತರಕ್ಕೆ ನಿಲ್ಲುತ್ತದೆ, ಕೆಸರು ಮೇಲೆ ಬರುವುದಿಲ್ಲ. ಮೂರಡಿ ಅಗಲಕ್ಕೆ ಮುಕ್ಕಾಲು ಇಂಚು ಇಳಿಜಾರು ಇರಲಿ. ನೀರು ಗೋಡೆಯ ಕಡೆಗೂ ಹೋಗಬಾರದು, ಬಾವಿಯ ಕಡೆಗಂತೂ ಹೋಗಲೇಬಾರದು.

ಹಾವಸೆ ತೆಗೆಯಲು ಬ್ಲೀಚಿಂಗ್ ಪೌಡರ್ ಹಾಕಿ ಅನ್ನುವವರು ಸಿಗುತ್ತಾರೆ. ಬಾವಿಯ ಹತ್ತಿರ ಬೇಡ. ಮಳೆ ಶುರುವಾಗುವ ಮೊದಲೊಮ್ಮೆ, ಮಧ್ಯೆ ಒಂದೆರಡು ಸಲ ಗಟ್ಟಿ ಬ್ರಷ್‌ನಲ್ಲಿ ಉಜ್ಜಿದರೆ ನಮ್ಮಲ್ಲಿ ಸಾಕಾಗುತ್ತದೆ.

ಕಲ್ಲು ನೋಡಲು ಹೋಗುವಾಗ ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಸುರಿದು, ಚಪ್ಪಲಿ ಬಿಟ್ಟು ಅದರ ಮೇಲೆ ನಿಂತು ನೋಡಿ. ನಿಮ್ಮ ಮನೆಯಲ್ಲಿ ದಿನಾ ನೀರು ತರುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.