ಅಂಗಡಿಗೆ ಹೋಗೋ ಮೊದಲು ಅಡುಗೆಮನೆ ನೋಡಿ
ಓದುಗರ ಪ್ರಶ್ನೆ, ಅಕ್ಕನ ಉತ್ತರ

ಮನೆಯನ್ನು ಪರಿಸರಕ್ಕೆ ಹೊರೆಯಾಗದಂತೆ ನಡೆಸೋದು ಹೇಗೆ ಅಂತ ಕೇಳಿ ನೀವು ಬರೆದ ಪತ್ರಗಳಲ್ಲಿ ಆರಕ್ಕೆ ಈ ಸಲ ಉತ್ತರಿಸಿದ್ದೇನೆ. ಬಹಳ ಜನ "ಏನು ಕೊಳ್ಳಬೇಕು?" ಅಂತಲೇ ಕೇಳಿದ್ದೀರಿ. ನನ್ನ ಉತ್ತರದಲ್ಲಿ ಕೊಳ್ಳುವ ಮಾತು ಕಡಿಮೆ. ಬೇಕಾದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ಮನೆಯಲ್ಲೇ ಇದೆ.

ಅಕ್ಕ, ನಾವು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಗೊಬ್ಬರ ಮಾಡೋಕೆ ಶುರು ಮಾಡಿ ಮೂರು ವಾರ ಆಯ್ತು. ವಿಪರೀತ ವಾಸನೆ, ಜೊತೆಗೆ ಹುಳ. ಅತ್ತೆ "ಮೊದಲು ಅದನ್ನ ಆಚೆ ಹಾಕು" ಅಂತಿದ್ದಾರೆ. ಬಿಟ್ಟುಬಿಡಲಾ?
ಗೃಹಿಣಿ, ಬೆಂಗಳೂರು

ಬಿಡಬೇಡಮ್ಮ. ವಾಸನೆ ಬರುತ್ತಿದೆ ಅಂದರೆ ಒಳಗೆ ನೀರು ಜಾಸ್ತಿ ಆಗಿದೆ, ಗಾಳಿ ಕಡಿಮೆ ಆಗಿದೆ, ಅಷ್ಟೇ. ನನ್ನ ಮೊದಲ ಬಕೆಟ್ ಹೀಗೇ ಕೆಟ್ಟಿತ್ತು. ತಳಕ್ಕೆ ತೂತು ಹಾಕಿರಲಿಲ್ಲ, ಮಿಕ್ಕಿದ ಸಾರನ್ನೂ ಅದಕ್ಕೇ ಸುರಿಯುತ್ತಿದ್ದೆ. ತಳದಲ್ಲಿ ನಾಲ್ಕು ಬೆರಳು ಕಪ್ಪು ನೀರು ನಿಂತು, ಮುಚ್ಚಳ ತೆಗೆದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಈಗ ಹೀಗೆ ಮಾಡಿ. ಬಕೆಟ್ಟಿನಲ್ಲಿ ಇರುವುದನ್ನೆಲ್ಲ ಹಳೇ ಪೇಪರ್ ಮೇಲೆ ಸುರಿದು ಅರ್ಧ ದಿನ ಆರಲು ಬಿಡಿ. ತಳಕ್ಕೆ, ಸುತ್ತಲೂ ಕಾಯಿಸಿದ ಮೊಳೆಯಿಂದ ತೂತು ಹಾಕಿ, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ಒಂದು ಗೇಣು ಒಣ ಎಲೆ. ಆಮೇಲೆ ದಿನಾ ಒಂದು ಬೊಗಸೆ ತರಕಾರಿ ಸಿಪ್ಪೆ ಹಾಕಿದರೆ ಅದರ ಮೇಲೆ ಎರಡು ಬೊಗಸೆ ಪುಡಿ ಮಾಡಿದ ಒಣ ಎಲೆ. ಬಾಳೆಹಣ್ಣಿನ ಸಿಪ್ಪೆ, ಕಲ್ಲಂಗಡಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ. ಮೂರು ದಿನಕ್ಕೊಮ್ಮೆ ಕೋಲಿನಿಂದ ಬುಡಮೇಲು ಮಾಡಿ. ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಚಿಮುಕಿಸಿದರೆ ಒಳ್ಳೆಯದು. ಸರಿಯಾಗಿದೆಯೋ ಇಲ್ಲವೋ ನೋಡಬೇಕಾದರೆ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿದರೆ ಸರಿ, ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಬೇಕು, ಪುಡಿಪುಡಿಯಾಗಿ ಉದುರಿದರೆ ಒಂದು ಲೋಟ ನೀರು ಬೇಕು. ಒಂದೂವರೆ ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ಘಮ ಬರುತ್ತದೆ.

ಹುಳಕ್ಕೆ ಹೆದರಬೇಡಿ. ದಪ್ಪಗೆ, ಬಿಳಿ ಅಥವಾ ಕಂದು ಬಣ್ಣದಲ್ಲಿ ಇರೋದು ಸಾಮಾನ್ಯವಾಗಿ ಕಪ್ಪು ಸೈನಿಕ ನೊಣದ ಮರಿಗಳು. ಅವು ಕಚ್ಚಲ್ಲ, ರೋಗ ತರಲ್ಲ, ಕಸವನ್ನು ನಮಗಿಂತ ಬೇಗ ತಿಂದು ಮುಗಿಸುತ್ತವೆ. ಎಲೆ ಜಾಸ್ತಿ ಹಾಕಿ ಒಣಗಿಸಿದರೆ ತಾವಾಗೇ ಕಡಿಮೆ ಆಗುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ನಿಮ್ಮ ಬೀದಿಯ ಹೊಂಗೆ ಮರ ಎಲೆ ಉದುರಿಸುತ್ತದಲ್ವಾ, ಗುಡಿಸಿ ಬೆಂಕಿ ಹಚ್ಚುವ ಮೊದಲು ಎರಡು ಗೋಣಿಚೀಲ ತುಂಬಿ ಇಟ್ಟುಕೊಳ್ಳಿ. ವರ್ಷಪೂರ್ತಿ ಬರುತ್ತದೆ.

ಅತ್ತೆಯವರಿಗೆ ಇದೊಂದು ವಿಷಯ ಹೇಳಿ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನಂಥ ಊರುಗಳಿಗೆ ಹೋಯಿತು. ಬೇಸಾಯ ಮಾಡಿಕೊಂಡಿದ್ದ ಊರುಗಳವು. ಕಸದ ಗುಡ್ಡೆಯಿಂದ ಇಳಿದ ನೀರು ಬಾವಿ, ಕೆರೆ ಕೆಡಿಸಿತು. ಅಲ್ಲಿನ ಜನ ತಿರುಗಿಬಿದ್ದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಲಾರಿ ಹೋಗುವುದು ನಿಂತಿತು. ಆ ಗುಡ್ಡೆ ನಾರಿದ್ದು ನಮ್ಮ ಅಡುಗೆಮನೆಯ ಹಸಿ ಕಸದಿಂದ. ನಿಮ್ಮ ಬಾಲ್ಕನಿಯ ಬಕೆಟ್ ಸರಿಹೋದರೆ ಇನ್ನೊಂದು ಊರಿನ ಬಾವಿಗೆ ಅಷ್ಟು ಹೊರೆ ಕಡಿಮೆ.

ನಮ್ಮ ಮನೆಯಲ್ಲಿ ಈಗಲೂ ಬಚ್ಚಲೊಲೆ ಇದೆ. ಸೌದೆ, ಅಡಿಕೆ ಸಿಪ್ಪೆ ಜೊತೆ ಅಪ್ಪ ಪ್ಲಾಸ್ಟಿಕ್ ಕವರನ್ನೂ ತುರುಕುತ್ತಾರೆ. "ಕಸವೂ ಹೋಯ್ತು, ನೀರೂ ಕಾಯ್ತು" ಅಂತಾರೆ. ಇದು ತಪ್ಪಾ?
ವಿದ್ಯಾರ್ಥಿನಿ, ತೀರ್ಥಹಳ್ಳಿ

ತಪ್ಪು, ದೊಡ್ಡ ತಪ್ಪು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ, ಕಸದ ಗಾಡಿ ಬರದ ಊರಲ್ಲಿ ಜನ ಇನ್ನೇನು ಮಾಡಿಯಾರು ಅನ್ನೋದೂ ನನಗೆ ಗೊತ್ತು. ಆದರೆ ಪ್ಲಾಸ್ಟಿಕ್ ಸುಟ್ಟಾಗ ಕಸ ಹೋಗಲ್ಲ, ಹೊಗೆಯಾಗಿ ಮನೆಯೊಳಗೇ ಉಳಿಯುತ್ತದೆ. ಅದರಲ್ಲೂ ಪಿವಿಸಿ ಪೈಪಿನ ಚೂರು, ಹಳೇ ವೈರು, ರೆಕ್ಸಿನ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಒಲೆಯ ಮುಂದೆ ಕೂತು ಊದುವುದು ಅಮ್ಮನೋ ಅಜ್ಜಿಯೋ ಅಲ್ವಾ? ಅದೇ ಒಲೆಯ ಬೂದಿ ಪಾತ್ರೆ ತಿಕ್ಕಲು ಹೋಗುತ್ತದೆ, ಬಸಳೆ ಬುಡಕ್ಕೆ ಹೋಗುತ್ತದೆ. ಬರೀ ಸೌದೆ, ಕರಟ, ಸೋಗೆ ಸುಟ್ಟ ಬೂದಿ ಚಿನ್ನದಂಥದ್ದು. ಪ್ಲಾಸ್ಟಿಕ್ ಬೆರೆತರೆ ಅದನ್ನು ಮುಟ್ಟಲೂಬಾರದು.

ಅಪ್ಪನ ಜೊತೆ ವಾದಕ್ಕೆ ಇಳಿಯಬೇಡ ಮಗಳೇ. ಒಲೆ ಪಕ್ಕದಲ್ಲೇ ಒಂದು ಗೋಣಿಚೀಲ ನೇತುಹಾಕು. ಹಾಲಿನ ಕವರನ್ನು ಕತ್ತರಿಸುವಾಗ ಮೂಲೆಯ ಚೂರು ಪೂರ್ತಿ ಬೀಳದ ಹಾಗೆ ಸ್ವಲ್ಪ ಅಂಟಿಸಿಯೇ ಬಿಡು, ಆ ಸಣ್ಣ ಚೂರು ಬಿದ್ದರೆ ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಕವರನ್ನು ತೊಳೆದು ತಂತಿಗೆ ಸಿಕ್ಕಿಸಿ ಒಣಗಿಸಿ ಚೀಲಕ್ಕೆ ಹಾಕು. ಹಾಲಿನ ಕವರ್ ಒಳ್ಳೆಯ ಪಾಲಿಥೀನ್, ಗುಜರಿಯವರು ತೆಗೆದುಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್ಟಿಗೆ ಗುಜರಿಯಲ್ಲಿ ಬೆಲೆ ಇಲ್ಲ, ಅದನ್ನು ಪಂಚಾಯಿತಿಯ ಒಣ ಕಸಕ್ಕೆ ಕೊಡಬೇಕು. ಮನೆಗೆ ಬರುವುದನ್ನೇ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು.

ಮನೆಯ ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಎಸೆದು ಸ್ಟೀಲು, ಗಾಜಿನದ್ದು ತರಬೇಕು ಅಂತಿದ್ದೇನೆ. ಬಟ್ಟೆ ಚೀಲವನ್ನೂ ಒಂದು ಹತ್ತು ಆರ್ಡರ್ ಮಾಡಲಾ?
ಓದುಗರು, ಹುಬ್ಬಳ್ಳಿ

ಎರಡೂ ಬೇಡ್ರಿ. ಇರುವ ಡಬ್ಬದಲ್ಲಿ ಬೇಳೆ, ರವೆ, ಒಣ ಮೆಣಸಿನಕಾಯಿ ಹಾಕಿಟ್ಟು ಅದು ಸೀಳುವವರೆಗೂ ಬಳಸಿ. ಬಿಸಿ ಪಲ್ಯ, ಎಣ್ಣೆ, ಉಪ್ಪಿನಕಾಯಿ ಮಾತ್ರ ಪ್ಲಾಸ್ಟಿಕ್ಕಿಗೆ ಹಾಕಬೇಡಿ. ಹತ್ತಿ ಬೆಳೆಯಲು ಬಹಳ ನೀರು ಬೇಕು, ಹೊಸ ಬಟ್ಟೆ ಚೀಲವನ್ನು ನೂರಾರು ಸಲ ಬಳಸಿದರೆ ಮಾತ್ರ ಅದಕ್ಕೆ ಅರ್ಥ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ತಳ ಹೊಲಿದರೆ ಐದು ಕೆಜಿ ಜೋಳ ಹೊರುವ ಚೀಲ ಆಗುತ್ತದೆ. ಅದನ್ನು ಗಾಡಿಯ ಡಿಕ್ಕಿಯಲ್ಲೇ ಇಡಿ, ಮನೆಯಲ್ಲಿ ಮಡಿಸಿಟ್ಟ ಚೀಲ ಸಂತೆಗೆ ಬರಲ್ಲ.

ನೆಲ ಒರೆಸಲು, ಪಾತ್ರೆ ತೊಳೆಯಲು ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದಾ?
ಗೃಹಿಣಿ, ದಾವಣಗೆರೆ

ನಿಂಬೆ, ಮೋಸಂಬಿ ಸಿಪ್ಪೆ 300 ಗ್ರಾಂ, ಬೆಲ್ಲ 100 ಗ್ರಾಂ, ನೀರು 1 ಲೀಟರ್. ಪ್ಲಾಸ್ಟಿಕ್ ಬಾಟಲಿಗೇ ಹಾಕಿ, ಮೇಲೆ ಸ್ವಲ್ಪ ಜಾಗ ಬಿಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು, ಮರೆತರೆ ಬಾಟಲಿ ಒಡೆಯುತ್ತದೆ, ಅದಕ್ಕೇ ಗಾಜು ಬೇಡ ಅಂದಿದ್ದು. ಮೂರು ತಿಂಗಳಿಗೆ ಸೋಸಿ, ಅರ್ಧ ಬಕೆಟ್ ನೀರಿಗೆ ಎರಡು ಮುಚ್ಚಳ ಹಾಕಿ ನೆಲ ಒರೆಸಿ. ಪಾತ್ರೆಗೆ ಅಂಟುವಾಳ. ಎಂಟು ಹತ್ತು ಕಾಯಿಯ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿದರೆ ನೊರೆ ಬರುತ್ತದೆ. ತೆಂಗಿನ ನಾರಿನಲ್ಲಿ ತಿಕ್ಕಿ. ತೀರಾ ಜಿಡ್ಡಿನ ಬಾಣಲೆಗೆ ಇದು ಸಾಲದು, ಕಡಲೆಹಿಟ್ಟು ಉಜ್ಜಿ ಬಿಸಿನೀರು ಹಾಕಬೇಕು.

ಬಟ್ಟೆ ಸೋಪಿನ ಪುಡಿ ಬಿಡೋಕಾಗಲ್ಲ ಅಂದರೆ ಈಗ ಹಾಕುವುದರ ಅರ್ಧ ಹಾಕಿ ನೋಡಿ. ಬಟ್ಟೆ ಅಷ್ಟೇ ಶುಭ್ರ ಆಗುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಶುದ್ಧೀಕರಿಸದೆ ಬಿಟ್ಟ ಕೊಳಚೆ ನೀರು, ಅದರಲ್ಲಿ ನಮ್ಮೆಲ್ಲರ ಬಚ್ಚಲಿನ ಸೋಪು.

ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ಪೈಪಿನಿಂದ ದಿನಾ ಎರಡು ಬಿಂದಿಗೆ ನೀರು ಸುಮ್ನೆ ಹೋಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.
ನಿವೃತ್ತ ಶಿಕ್ಷಕರು, ಮೈಸೂರು

ಮೇಷ್ಟ್ರೇ, ಮೊದಲು ನಿಮಗೆ ಆರ್‌ಒ ಬೇಕಾ ಅಂತ ನೋಡೋಣ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪೆನ್ನಿನಷ್ಟು ಉದ್ದ. ನಲ್ಲಿ ನೀರಿನಲ್ಲಿ ಅದ್ದಿ ನೋಡಿ. 500ರ ಒಳಗಿದ್ದರೆ ಕುದಿಸಿ ಆರಿಸಿದರೂ ಸಾಕು, ಬೆಳಕಿನ ಕಿರಣದಿಂದ ರೋಗಾಣು ಕೊಲ್ಲುವ ಮಾಮೂಲಿ ಯುವಿ ಫಿಲ್ಟರ್ ಇದ್ದರೂ ಸಾಕು. ನಿಮ್ಮಲ್ಲಿ ಬರುವುದು ಕಾವೇರಿ, ಕಬಿನಿ ನೀರಾದರೆ ಬಹುಶಃ ಅಷ್ಟೇ ಇರುತ್ತದೆ. ಪಾವಗಡದಂಥ ಕಡೆ ಬೋರ್‌ವೆಲ್ ನೀರು ಕುಡಿಯುವವರಿಗೆ ಈ ಮಾತು ಅನ್ವಯಿಸಲ್ಲ. ಅಲ್ಲಿ ಫ್ಲೋರೈಡ್ ಸಮಸ್ಯೆ ಇದೆ, ಅದು ಈ ಮೀಟರಿನಲ್ಲಿ ಕಾಣಲ್ಲ, ಕುದಿಸಿದರೂ ಹೋಗಲ್ಲ. ಲ್ಯಾಬಿನಲ್ಲೇ ಪರೀಕ್ಷಿಸಬೇಕು. ಯಂತ್ರ ಬೇಕೇ ಬೇಕು ಅಂದರೆ ಆ ಪೈಪಿಗೊಂದು ಬಕೆಟ್ ಇಟ್ಟು ನೆಲ ಒರೆಸಲು, ಶೌಚಕ್ಕೆ ಬಳಸಿ. ಗಿಡಗಳಿಗೆ ಬೇಡ, ಉಪ್ಪು ಕೂಡಿಕೊಳ್ಳುತ್ತದೆ.

2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರಿಗೆ ದುಡ್ಡು ಸುರಿದೆವು. ನಮ್ಮ ತಾರಸಿ 1000 ಚದರಡಿ. ಮಳೆ ನೀರು ಹಿಡಿದರೆ ನಿಜವಾಗಲೂ ಏನಾದರೂ ಆಗುತ್ತಾ?
ಓದುಗರು, ಕೆಂಗೇರಿ

ಆಗುತ್ತದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮದು ಸುಮಾರು 93 ಚದರ ಮೀಟರ್. ಬೆಂಗಳೂರಿನ ವರ್ಷದ ಮಳೆಯನ್ನು 900 ಮಿಲಿಮೀಟರ್ ಅಂತ ಕಡಿಮೆಯೇ ಹಿಡಿಯೋಣ. 83,000 ಲೀಟರ್ ದಾಟುತ್ತದೆ. ಆವಿಯಾಗಿದ್ದು, ಚೆಲ್ಲಿದ್ದು, ಮೊದಲ ಮಳೆಯ ಕೊಳೆ ಅಂತ ಐದರಲ್ಲಿ ಒಂದು ಪಾಲು ಕಳೆದರೂ 66,000 ಲೀಟರ್ ಉಳಿಯಿತು. ಅಂದರೆ 6,000 ಲೀಟರಿನ ಟ್ಯಾಂಕರ್ 11 ಸಲ ಬಂದ ಹಾಗೆ.

ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ ಇದೆ. 1990ರ ದಶಕದಲ್ಲಿ ಕಟ್ಟಿದ್ದು, ಜಲಮಂಡಳಿಯ ಸಂಪರ್ಕವನ್ನೇ ತೆಗೆದುಕೊಳ್ಳದೆ ಮಳೆ ನೀರಿನಲ್ಲೇ ಸಂಸಾರ ನಡೆಸಿದ ಮನೆ ಅದು. ಇತ್ತ ನಮಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ದಾರಿಯುದ್ದಕ್ಕೂ ಪಂಪು ಮಾಡಿ ಮೇಲೆತ್ತಿ. ತಾರಸಿಗೆ ಬಿದ್ದ ಮಳೆಯನ್ನು ಮೋರಿಗೆ ಬಿಟ್ಟು, ಅಷ್ಟು ಕರೆಂಟು ಸುಟ್ಟು ತಂದ ನೀರನ್ನು ಗಾಡಿ ತೊಳೆಯಲು ಸುರಿಯುತ್ತೇವಲ್ಲ, ನನಗೆ ತುಂಬಾ ಸಂಕಟ ಆಗುತ್ತದೆ.

ಒಂದೇ ಸಲ ದೊಡ್ಡ ಖರ್ಚಿಗೆ ಹೋಗಬೇಡಿ. ತಾರಸಿಯ ಇಳಿಪೈಪ್ ಒಂದಕ್ಕೆ ಫಿಲ್ಟರ್ ಕೂರಿಸಿ ನೀರನ್ನು ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿನೊಳಕ್ಕೆ ಬಿಡಿ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಇರಲಿ, ಅದರಲ್ಲಿ ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಇರುತ್ತದೆ. ಸಂಪು ತುಂಬಿ ಹೆಚ್ಚಾದ ನೀರು ಇಂಗುಗುಂಡಿಗೆ ಹೋಗಲಿ, ಮೋರಿಗಲ್ಲ. ಪ್ಲಂಬರ್ "ಇದೆಲ್ಲ ಆಗಲ್ಲ ಸಾರ್" ಅಂದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಅವರನ್ನೂ ಕರೆದುಕೊಂಡು ಹೋಗಿ, ಬೇರೆಬೇರೆ ವಿಧಾನಗಳನ್ನು ಅಲ್ಲಿ ಜೋಡಿಸಿಯೇ ಇಟ್ಟಿದ್ದಾರೆ. ಈ ಭಾನುವಾರ ತಾರಸಿಗೆ ಹತ್ತಿ ನೀರು ಯಾವ ಮೂಲೆಗೆ ಇಳಿಯುತ್ತದೆ, ಎಷ್ಟು ಪೈಪ್ ಇವೆ ಅಂತ ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸಿ. ಫಿಲ್ಟರ್ ಎಲ್ಲಿ ಕೂರಿಸಬಹುದು ಅಂತ ಮುಂದಿನ ಸಂಚಿಕೆಯಲ್ಲಿ ನೋಡೋಣ.