ಚಳಿಗಾಲ ತರುವವನ ಕೆಳಗೆ ಯೋಬನ ಪುಸ್ತಕ

ಕೆನಡಾದ ಥಂಡರ್ ಬೇಯಲ್ಲಿ ನೆಲೆಸಿರುವ ಮಂಗಳೂರು ಕಡೆಯ ಓದುಗರೊಬ್ಬರ ಪತ್ರದ ಸಾರ: "ಬರುವ ಫೆಬ್ರವರಿಯಲ್ಲಿ ನಮ್ಮ ಚರ್ಚಿನವರು ಒಂದು ರಾತ್ರಿ ಬಯಲಲ್ಲಿ ನಿಂತು, ನಕ್ಷತ್ರ ನೋಡುತ್ತ ಪ್ರಾರ್ಥನೆ ಮಾಡಬೇಕೆಂದಿದ್ದೇವೆ. ಇದು ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರ ನೆಲ. ನಮ್ಮ ಸಭೆಯಲ್ಲೂ ಅವರ ಕುಟುಂಬಗಳಿವೆ. ಬೈಬಲಿನ ಜೊತೆ ಅವರ ನಕ್ಷತ್ರಕಥೆಗಳನ್ನೂ ಓದಬಹುದೆ? ಯಾವ ನಕ್ಷತ್ರ, ಯಾವ ವಚನ? ಎರಡನ್ನೂ ಬೆರೆಸಿದರೆ ತಪ್ಪಾದೀತೆ?"

ಸಂಪಾದಕರ ಉತ್ತರ:

ಬೆರೆಸಬೇಡಿ, ಪಕ್ಕಪಕ್ಕದಲ್ಲಿ ಇಡಿ. ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಚರ್ಚುಗಳಲ್ಲಿ ಕ್ರಿಸ್‌ಮಸ್‌ಗೆ ಹಾಡುವ 'ಹ್ಯೂರನ್ ಕ್ಯಾರಲ್' ಸಾಕ್ಷಿ. ಅದರ ಮೂಲ ವೆಂಡಾಟ್ (ಹ್ಯೂರನ್) ಎಂಬ ಇನ್ನೊಂದು ಮೂಲನಿವಾಸಿ ಜನರ ಭಾಷೆಯದು, 17ನೇ ಶತಮಾನದ ಜೆಸ್ವಿಟ್ ಪಾದ್ರಿ ಬ್ರೆಬಫ್ ಬರೆದದ್ದೆಂದು ಪ್ರತೀತಿ. 1926ರ ಇಂಗ್ಲಿಷ್ ರೂಪದಲ್ಲಿ ದೇವರನ್ನು 'ಗಿಚಿ ಮನಿಟೂ' ಎಂದು ಕರೆದಿದ್ದಾರೆ. ಆ ಪದ ವೆಂಡಾಟರದಲ್ಲ, ಅನಿಶಿನಾಬೆಯರ ಭಾಷಾಕುಟುಂಬದ್ದು. ಒಬ್ಬರ ದೇವರ ಹೆಸರನ್ನು ಇನ್ನೊಬ್ಬರ ಬಾಯಿಗೆ ತುರುಕಿದಂತಾಯಿತು. ಹಾಡು ಇಂಪಾಗಿದೆ, ನಿಜ. ಆದರೆ ಆ ರಾತ್ರಿಗೆ ಅದು ಬೇಡ.

ಈಗ ಆಕಾಶಕ್ಕೆ ಬರೋಣ. ಫೆಬ್ರವರಿ ನಡುವಿನಲ್ಲಿ, ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಂಡು ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ಮುಖಮಾಡಿ. ದಿಗಂತದಿಂದ ಸುಮಾರು 40 ಡಿಗ್ರಿ ಎತ್ತರದಲ್ಲಿ ಒರಾಯನ್‌ನ ನಡುಪಟ್ಟಿಯ ಮೂರು ನಕ್ಷತ್ರಗಳು ಕಾಣುತ್ತವೆ. ನಮ್ಮಲ್ಲಿ ಮಹಾವ್ಯಾಧ ಎನ್ನುತ್ತೇವಲ್ಲ, ಅದೇ. ಬೆಂಗಳೂರಲ್ಲಾದರೆ ಇವು ನೆತ್ತಿಯ ಹತ್ತಿರಕ್ಕೆ ಬಂದು ಕತ್ತು ನೋಯಿಸುತ್ತವೆ. ನಿಮ್ಮಲ್ಲಿ ಆಳು ಎದುರಿಗೇ ನೆಟ್ಟಗೆ ನಿಂತಿರುತ್ತಾನೆ. ಅನಿಶಿನಾಬೆಯರಿಗೆ ಇವನು ಬಿಬೂನ್‌ಕೆಯೊನಿನಿ, ಅಂದರೆ ಚಳಿಗಾಲ ತರುವವನು. ಹಲವರು ಎಡವುವುದು ಇಲ್ಲೇ: ಒರಾಯನ್ ಅಷ್ಟನ್ನೇ ತೋರಿಸಿ ಸುಮ್ಮನಾಗುತ್ತಾರೆ. ಇವನ ಚಾಚಿದ ತೋಳುಗಳು ಪಶ್ಚಿಮಕ್ಕೆ ರೋಹಿಣಿಯವರೆಗೆ, ಪೂರ್ವಕ್ಕೆ ಪ್ರೊಸಿಯಾನ್ ನಕ್ಷತ್ರದವರೆಗೆ ಹೋಗುತ್ತವೆ. ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ; ತುದಿಯಿಂದ ತುದಿಗೆ ನಾಲ್ಕೂವರೆ ಮುಷ್ಟಿ. ಮಕ್ಕಳಿಂದ ಅಳೆಸಿ.

ಇವನ ಕೆಳಗೆ ನಿಂತು ಓದಬೇಕಾದದ್ದು ಯೋಬನ 38ನೇ ಅಧ್ಯಾಯ. ಸಾಮಾನ್ಯವಾಗಿ 31ನೇ ವಚನ ಒಂದನ್ನೇ ಓದುತ್ತಾರೆ: ಕೃತ್ತಿಕೆಯ ಕಟ್ಟನ್ನು ಬಿಗಿಯಬಲ್ಲೆಯಾ, ಒರಾಯನ್‌ನ ಕಟ್ಟನ್ನು ಬಿಚ್ಚಬಲ್ಲೆಯಾ ಎಂದು ದೇವರು ಯೋಬನನ್ನು ಕೇಳುವ ಮಾತು. ನೀವು 22ರಿಂದ ಶುರುಮಾಡಿ. ಅಲ್ಲಿ ಹಿಮದ ಉಗ್ರಾಣವಿದೆ. 29ರಲ್ಲಿ, ಮಂಜುಗಡ್ಡೆ ಯಾರ ಗರ್ಭದಿಂದ ಬಂತು ಎಂಬ ಪ್ರಶ್ನೆ. 30ರಲ್ಲಿ ನೀರು ಕಲ್ಲಿನಂತಾಗಿ ಆಳದ ಮೇಲ್ಮೈ ಹೆಪ್ಪುಗಟ್ಟುತ್ತದೆ. ಅದರ ಬೆನ್ನಿಗೇ ಆ ಎರಡು ನಕ್ಷತ್ರಗುಂಪುಗಳು. ಎದುರಿಗೆ ಕೊಲ್ಲಿ ಕಲ್ಲಾಗಿ ಬಿದ್ದಿರುವಾಗ ಈ ಒಂಬತ್ತು ಹತ್ತು ವಚನಗಳಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಯೋಬನಿಗೂ ಬಿಬೂನ್‌ಕೆಯೊನಿನಿಗೂ ನಂಟು ಕಲ್ಪಿಸಲು ಹೋಗಬೇಡಿ. ಎರಡೂ ಒಂದೇ ಚಳಿಯನ್ನು ಒಂದೇ ನಕ್ಷತ್ರಗಳ ಕೆಳಗೆ ಹೇಳುತ್ತವೆ, ಅಷ್ಟೆ.

ಆಮೇಲೆ ಈಶಾನ್ಯಕ್ಕೆ ತಿರುಗಿ. ಸೌಟಿನಂತಿರುವ ಸಪ್ತರ್ಷಿ ಮಂಡಲ ತನ್ನ ಹಿಡಿಯ ಮೇಲೆ ನಿಂತಂತಿರುತ್ತದೆ. ಅದು ಒಜೀಗ್: ಫಿಶರ್ ಎಂಬ, ಮುಂಗುಸಿಯನ್ನು ಹೋಲುವ, ಮರ ಹತ್ತುವ ಪ್ರಾಣಿ; ಹಿಡಿಯೇ ಬಾಲ. ಧ್ರುವ 48 ಡಿಗ್ರಿ ಎತ್ತರದಲ್ಲಿದ್ದು, ಮಾಂಗ್ ಎಂಬ ನೀರುಹಕ್ಕಿಯ ಬಾಲದ ತುದಿಯಾಗಿದೆ. ಪೂರ್ವದಲ್ಲಿ ಸಿಂಹ ರಾಶಿಯ ಕುಡುಗೋಲು ಮೇಲೇರುತ್ತಿರುತ್ತದೆ. ಅದು ದೊಡ್ಡ ಚಿರತೆಯ ಸುರುಳಿಬಾಲ. ವಸಂತದಲ್ಲಿ ಇದು ಸಂಜೆಗೇ ನೆತ್ತಿಗೆ ಬರುವ ಹೊತ್ತಿಗೆ ಕೆರೆಗಳ ಮಂಜುಗಡ್ಡೆ ತೆಳುವಾಗಿರುತ್ತದೆ. ಹೆಸರು, ಕಥೆ ಊರಿಂದೂರಿಗೆ ಬದಲಾಗುವುದರಿಂದ ಪುಸ್ತಕದ ನಕ್ಷೆಯನ್ನೇ ಅಂತಿಮವೆಂದುಕೊಳ್ಳಬೇಡಿ.

ಭಾಷೆಯ ಒಂದು ಮಾತು. ನಾವು 'ಚಂದ್ರ ಮೂಡಿದ' ಎನ್ನುತ್ತೇವೆ, ಆದರೆ 'ನಕ್ಷತ್ರ ಮೂಡಿತು'. ಚಂದ್ರನಿಗೆ ಕೊಟ್ಟ ಮರ್ಯಾದೆ ಚುಕ್ಕಿಗಿಲ್ಲ. ಅನಿಶಿನಾಬೆಯರ ಭಾಷೆಯಲ್ಲಿ ನಕ್ಷತ್ರ, ಅನಂಗ್, ವ್ಯಾಕರಣದಲ್ಲೇ ಸಜೀವ, ಬಹುವಚನ ಅನಂಗೂಗ್. ಕನ್ನಡದಲ್ಲಿ ವಿವರಿಸುವಾಗ ಒಜೀಗ್‌ನನ್ನು 'ಅದು' ಎನ್ನದೆ 'ಅವನು' ಎಂದರೆ ಮೂಲಕ್ಕೆ ಹತ್ತಿರ. (ಮೇಲೆ ನಾನೇ 'ಅದು' ಎಂದಿದ್ದೇನೆ, ನೋಡಿ!)

ಕಥೆ ಯಾರು ಹೇಳಬೇಕು? ನೀವಲ್ಲ, ನಿಮ್ಮ ಪಾದ್ರಿಯವರೂ ಅಲ್ಲ. ಸಭೆಯ ಅನಿಶಿನಾಬೆ ಕುಟುಂಬಗಳನ್ನು ವಿಚಾರಿಸಿ, ಅವರು ಸೂಚಿಸುವ ಹಿರಿಯರ ಮನೆಗೆ ವಾರಗಳ ಮುಂಚೆಯೇ ಹೋಗಿ. ಬಟ್ಟೆಯ ಚೂರಿನಲ್ಲಿ ಕಟ್ಟಿದ ಒಂದಿಷ್ಟು ಹೊಗೆಸೊಪ್ಪು, ಅವರ ಮಾತಲ್ಲಿ ಅಸೇಮಾ, ಮುಂದಿಟ್ಟು ಕೇಳಿ. ತೆಗೆದುಕೊಂಡರೆ ಒಪ್ಪಿದಂತೆ, ಮುಟ್ಟದಿದ್ದರೆ ಒತ್ತಾಯ ಬೇಡ. ಇದು ಸಂಭಾವನೆಯಲ್ಲ. ಗೌರವಧನ, ಕರೆತರುವ ಕಾರು, ಬಯಲಲ್ಲಿ ಕೂರಲು ಕುರ್ಚಿ, ಕಂಬಳಿ ಬೇರೆಯೇ.

ಅವರು ಒಪ್ಪದೆಯೂ ಇರಬಹುದು. ಅದಕ್ಕೆ ಕಾರಣ ಹಳೆಯದು. 1895ರ ಕಾನೂನು ತಿದ್ದುಪಡಿಯಿಂದ 1951ರವರೆಗೆ ಮೂಲನಿವಾಸಿಗಳ ಹಲವು ಆಚರಣೆಗಳು ಅಪರಾಧವಾಗಿದ್ದವು. ಮಕ್ಕಳ ಬಾಯಿಂದ ಭಾಷೆ ಕಿತ್ತುಕೊಂಡ ವಸತಿಶಾಲೆಗಳನ್ನು ನಡೆಸಿದ್ದು ಚರ್ಚುಗಳೇ. 1986ರಲ್ಲಿ ಸಡ್ಬರಿಯಲ್ಲಿ ಯುನೈಟೆಡ್ ಚರ್ಚ್ ಕ್ಷಮೆ ಕೇಳಿತು. ಮೂಲನಿವಾಸಿ ಸದಸ್ಯರು ಅದನ್ನು ಕೇಳಿಸಿಕೊಂಡೆವು ಎಂದರು, ಸ್ವೀಕರಿಸಿದೆವು ಎನ್ನಲಿಲ್ಲ. ನೆನಪಿಗೆ ಪೇರಿಸಿದ ಕಲ್ಲುಗುಪ್ಪೆಯನ್ನೂ ಬೇಕೆಂದೇ ಅಪೂರ್ಣ ಬಿಟ್ಟರು.

ಹಿರಿಯರು ಸಿಗದಿದ್ದರೆ ಹೆಸರುಗಳನ್ನಷ್ಟೇ ಹೇಳಿ, ಯೋಬನನ್ನು ಓದಿ, ಹತ್ತು ನಿಮಿಷ ಸುಮ್ಮನಿರಿ.

ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು. ವಚನ ಓದುವ ಟಾರ್ಚಿಗೆ ಕೆಂಪು ಕಾಗದ ಕಟ್ಟಿ. ಒಬ್ಬರು ಮೊಬೈಲ್ ಬೆಳಗಿಸಿದರೂ ಮತ್ತೆ ಮೊದಲಿನಿಂದ ಶುರು. ಮೈನಸ್ 20ರಲ್ಲಿ ಫೋನ್ ಬ್ಯಾಟರಿ ಕೈಕೊಡುವುದರಿಂದ ವಚನಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿಕೊಳ್ಳಿ. ಮಫ್ಲರ್ ಮೂಗಿನ ಮೇಲಿದ್ದರೆ ಉಸಿರು ಕನ್ನಡಕದ ಮೇಲೆ ಹೆಪ್ಪುಗಟ್ಟುತ್ತದೆ, ಕೆಳಗಿಳಿಸಿ. ವಿಮಾನ ನಿಲ್ದಾಣ ಊರಲ್ಲೇ ಇರುವುದರಿಂದ ಲೇಸರ್ ಬೇಡ, ಬೆರಳೇ ಸಾಕು.

ಒಜೀಗ್ ಬಾಲಕ್ಕೆ ಬಾಣ ತಗುಲಿದ್ದು ಹೇಗೆಂದು ಬರೆಯುವ ಆಸೆ ನನಗೂ ಇತ್ತು. ಆದರೆ ಆ ಕಥೆಗಳನ್ನು ನೆಲದ ಮೇಲೆ ಹಿಮವಿರುವಾಗ ಮಾತ್ರ ಹೇಳುವುದು ಅವರ ರೂಢಿ, ಮತ್ತು ಈ ಸಂಚಿಕೆ ನಿಮ್ಮ ಕೈಸೇರುವುದು ಜೂನ್‌ನಲ್ಲಿ.