ಡಿಕ್ರಿ ಬಂದರೂ ಹೊಲ ಯಾಕೆ ಕೈಗೆ ಬರೋದಿಲ್ಲ?

ಗೆಳೆಯಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲಿದೆ. "ಕೇಸು ಗೆದ್ದ ಮೇಲೂ ನಿಮ್ಮ ಕಡೆಯವರು ಟೈಮಿಗೆ ದುಡ್ಡು ಕಟ್ಟೋದಿಲ್ಲ, ಆಮೇಲೆ ಹೊಲ ಹೋಯ್ತು ಅಂತ ಅಳ್ತಾರೆ. ಅಷ್ಟೊಂದು ಉದಾಸೀನ ಯಾಕೆ?" ಅಂದೆ. ಮೈಸೂರಿನಲ್ಲಿ ಕೂತವನಿಗೆ ಹಾಗೆ ಕಾಣುವುದು ಸಹಜ. ಆದರೆ ಅದು ಉದಾಸೀನ ಅಲ್ಲ.

ನಮ್ಮದು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕು. ತೆಲಂಗಾಣ ಪಕ್ಕದಲ್ಲೇ ಇದೆ. ದುಡಿಯಲು ಹೋಗುವ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. 1948ರವರೆಗೆ ನಿಜಾಮರ ಸೀಮೆ, 1956ರವರೆಗೆ ಹೈದರಾಬಾದ್ ರಾಜ್ಯ. ಹಳೇ ಹೊಲದ ಕಾಗದ ತೆಗೆದರೆ ಇವತ್ತಿಗೂ ಉರ್ದು ಓದುವವರನ್ನು ಹುಡುಕಬೇಕು. ಮನೆಯಲ್ಲಿ ಮಾತ್ರ ಅಂದಿನಿಂದ ಇಂದಿನವರೆಗೂ ಕನ್ನಡವೇ.

ಹೊಲ ಕೊಳ್ಳುವ ರೀತಿ ನಿಮ್ಮಲ್ಲಿಯಂತೆಯೇ. ಇಸಾರ ಅಂದರೆ ಮುಂಗಡ ಕೊಟ್ಟು ಕರಾರು ಬರೆಸುತ್ತಾರೆ. ನಮ್ಮ ಕಾಕಾನೂ ಹಾಗೇ ಮಾಡಿದರು. ಆಮೇಲೆ ಆ ಕಡೆ ರಸ್ತೆ ಆಯಿತು, ರೇಟು ಏರಿತು, ಮಾರುವವನು ಕೈ ಎತ್ತಿದ. ಕರಾರಿನಂತೆ ಹೊಲ ಬರೆದುಕೊಡಲಿ ಅಂತ ಕಾಕಾ ಕಾನೂನು ಕೊಡುವ ಮೂರು ವರ್ಷದ ಅವಧಿಯೊಳಗೇ ದಾವೆ ಹಾಕಿದರು. ವರ್ಷಗಟ್ಟಲೆ ನಡೆದು ಗೆದ್ದರು. ಎರಡು ತಿಂಗಳೊಳಗೆ ಬಾಕಿ ಹಣ ಕೋರ್ಟಿನಲ್ಲಿ ಕಟ್ಟಬೇಕು, ಮಾರುವವನು ಖರೀದಿ ಪತ್ರ ಮಾಡಿಕೊಡಬೇಕು, ಅವನು ಒಪ್ಪದಿದ್ದರೆ ಕೋರ್ಟೇ ಮಾಡಿಕೊಡುತ್ತದೆ ಅಂತ ಡಿಕ್ರಿ, ಅಂದರೆ ತೀರ್ಪಿನಂತೆ ಕೋರ್ಟು ಬರೆದುಕೊಡುವ ಆದೇಶ, ಬಂತು. ಊರಲ್ಲಿ ಪೇಡೆ ಹಂಚಿದ್ದಾಯಿತು.

ನೀನು ಇಲ್ಲಿಗೇ ಕಥೆ ಮುಗಿಯಿತು ಅಂದುಕೊಂಡಿದ್ದೀಯ. ನಮ್ಮ ಜನ ದಿನಾ ಗುದ್ದಾಡುವ ಗಂಟು ಇಲ್ಲಿಂದಲೇ ಶುರು.

ಡಿಕ್ರಿ ಬಂದದ್ದು ಜುಲೈನಲ್ಲಿ. ಇಲ್ಲಿ ತೊಗರಿ ಬಿತ್ತುವುದು ಮಳೆ ಬಿದ್ದ ಮೇಲೆ, ಜೂನ್–ಜುಲೈನಲ್ಲಿ. ರಾಶಿ ಆಗುವುದು ಡಿಸೆಂಬರ್–ಜನವರಿಗೆ. ಮಾರಿ ದುಡ್ಡು ಕೈಗೆ ಬರಬೇಕಾದರೆ ಇನ್ನೂ ಸ್ವಲ್ಪ ದಿನ. ಜುಲೈನಲ್ಲಿ ರೈತನ ಕೈಯಲ್ಲಿ ಇದ್ದದ್ದೆಲ್ಲ ಬೀಜ, ಗೊಬ್ಬರ, ಕೂಲಿಗೆ ಹೋಗಿರುತ್ತದೆ. ಲಕ್ಷಗಟ್ಟಲೆ ಬಾಕಿ ಸೆಪ್ಟೆಂಬರ್ ಒಳಗೆ ಎಲ್ಲಿಂದ ತರುವುದು? ಬ್ಯಾಂಕಿಗೆ ಹೋದರೆ, ಪಹಣಿಯಲ್ಲಿ ನಿಮ್ಮ ಹೆಸರಿಲ್ಲ, ಆ ಹೊಲದ ಮೇಲೆ ಸಾಲ ಕೊಡೋಕಾಗಲ್ಲ ಅನ್ನುತ್ತಾರೆ. ಹೆಸರು ಬರಬೇಕಾದರೆ ದುಡ್ಡು ಕಟ್ಟಬೇಕು. ದುಡ್ಡು ಸಿಗಬೇಕಾದರೆ ಹೆಸರಿರಬೇಕು.

ಮೇಲಿಂದ ತಾರೀಖಿನ ಗೊಂದಲ. ತೀರ್ಪಿನ ನಕಲು ಕೈಗೆ ಸಿಗುವಷ್ಟರಲ್ಲೇ ಸಾಕಷ್ಟು ದಿನ ಹೋಗಿರುತ್ತವೆ. ನಕಲು ಸಿಕ್ಕ ದಿನದಿಂದ ಲೆಕ್ಕ ಅಂತ ಕಾಕಾ ನಂಬಿದ್ದರು. ಹಾಗಲ್ಲ. ಡಿಕ್ರಿಗೆ ತೀರ್ಪು ಹೇಳಿದ ದಿನದ್ದೇ ತಾರೀಖು, ಎರಡು ತಿಂಗಳು ಅಲ್ಲಿಂದಲೇ ಓಡುತ್ತದೆ. ಅಷ್ಟರಲ್ಲಿ ಎದುರಿನವನು ಅಪೀಲು ಹಾಕಿದ. "ಅಪೀಲು ಬಿದ್ದಿದೆ, ಈಗ ಯಾಕೆ ಕಟ್ಟುತ್ತೀರಿ?" ಅಂತ ಕಟ್ಟೆಯ ಮೇಲೆ ಕೂತವರೆಲ್ಲ ಹೇಳಿದರು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇಕು. ಕಾಕಾನಿಗೆ ಇದನ್ನು ಬಿಡಿಸಿ ಹೇಳುವವರು ಆಗ ಯಾರೂ ಇರಲಿಲ್ಲ. ಅವರ ಮಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ.

ಅವಧಿ ಮುಗಿದದ್ದೇ ತಡ, ಮಾರುವವನು ಅದೇ ದಾವೆಯಲ್ಲಿ ಅರ್ಜಿ ಹಾಕಿದ, ಕರಾರು ರದ್ದು ಮಾಡಿ ಅಂತ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 28ನೇ ಕಲಮು ಅವನಿಗೆ ಆ ಹಕ್ಕು ಕೊಡುತ್ತದೆ. ರದ್ದಾದರೆ, ಹೊಲದ ಕಬ್ಜಾ ತೆಗೆದುಕೊಂಡವನು ಅದನ್ನು ವಾಪಸ್ ಕೊಡಬೇಕು, ಅಲ್ಲಿವರೆಗಿನ ಆದಾಯವನ್ನೂ ಕೊಡು ಅಂತ ಕೋರ್ಟ್ ಹೇಳಬಹುದು. ವರ್ಷಾನುಗಟ್ಟಲೆ ಹೋರಾಡಿ ಗೆದ್ದವನ ಹೊಟ್ಟೆ ಉರಿಯುವುದಿಲ್ವಾ?

ಆದರೆ ಅದೇ 28ನೇ ಕಲಮಿನಲ್ಲಿ ಇನ್ನೊಂದು ಬಾಗಿಲೂ ಇದೆ. ಡಿಕ್ರಿಯಲ್ಲಿ ಕೊಟ್ಟ ಅವಧಿ, "ಅಥವಾ ನ್ಯಾಯಾಲಯ ಕೊಡುವ ಮುಂದಿನ ಅವಧಿ" ಎನ್ನುವ ಮಾತು ಅಲ್ಲಿದೆ. ತಾರೀಖು ದಾಟಿದ ಕೂಡಲೇ ಕರಾರು ತಾನಾಗಿ ಸಾಯುವುದಿಲ್ಲ. ಡಿಕ್ರಿ ಕೊಟ್ಟ ಮೇಲೂ ಕೋರ್ಟಿನ ಹಿಡಿತ ಅದರ ಮೇಲೆ ಇರುತ್ತದೆ. ಅವಧಿ ಮುಗಿದ ಮೇಲೂ ಕಾರಣ ತೋರಿಸಿ ಹೆಚ್ಚಿನ ಸಮಯ ಕೇಳಬಹುದು. ಇದನ್ನು ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿಗೆ ತರುವ ಕೆಲಸ, ನಡೆಯುತ್ತಿರುವಾಗ ಕೇಳಬಹುದಾ ಎನ್ನುವ ಪ್ರಶ್ನೆಗೆ 2024ರಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. ದಾವೆ ತೀರ್ಮಾನಿಸಿದ ಮೂಲ ಕೋರ್ಟೇ ಅಮಲ್ಜಾರಿಯನ್ನೂ ನೋಡುತ್ತಿದ್ದರೆ ಕೇಳಬಹುದು. ಹಾಗಂತ ವರ್ಷಗಟ್ಟಲೆ ಸುಮ್ನೆ ಕೂತು, ಕಾರಣವೂ ಹೇಳದವನಿಗೆ ಕೋರ್ಟು ಕರುಣೆ ತೋರಿಸುವುದಿಲ್ಲ. ಅದು ಸರಿಯೇ. ಮಾರುವವನದೂ ಬದುಕು, ಅವನನ್ನು ಎಷ್ಟು ಕಾಲ ತೂಗುಗತ್ತಿಯ ಕೆಳಗೆ ಇಡುವುದು?

ಕಾಕಾ ತೊಗರಿ ಮಾರಿದ ರಸೀದಿ, ಬ್ಯಾಂಕಿನ ಕಾಗದ ಎಲ್ಲ ಜೋಡಿಸಿ ಅರ್ಜಿ ಕೊಟ್ಟಿದ್ದಾರೆ. ಕೋರ್ಟಿನ ಅನುಮತಿ ಪಡೆದು ಹಣವನ್ನೂ ಕಟ್ಟಿದ್ದಾರೆ. ಆದೇಶ ಇನ್ನೂ ಆಗಬೇಕು. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೂ ಕಲಬುರಗಿಯಲ್ಲೇ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಇಂಥ ಅಪೀಲಿಗೆ ನಮ್ಮ ಹಿರಿಯರು ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು. ಆ ಪೀಠಕ್ಕಾಗಿ ಇಲ್ಲಿಯ ವಕೀಲರು, ಜನ ಎಷ್ಟು ಕಾಲ ಕೇಳಿಕೊಂಡರು ಅಂತ ನಿಮ್ಮ ಕಡೆ ಯಾರಿಗೆ ಗೊತ್ತು? ನ್ಯಾಯಕ್ಕಾಗಿ ಅಷ್ಟು ಕಾದವರನ್ನು ಉದಾಸೀನದವರು ಅನ್ನಬೇಡ.

ನನಗಿರುವ ಸಿಟ್ಟು ಬೇರೆ. ಅವಧಿಯನ್ನು ಡಿಕ್ರಿಯಲ್ಲೇ ಬರೆಯಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ, ಬರೆಯುತ್ತಾರೆ ಕೂಡ. ಆದರೆ ಕಾಕಾನ ಕೈಗೆ ಬಂದ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ "ಎರಡು ತಿಂಗಳು" ಅಂತಿತ್ತೇ ಹೊರತು ಕೊನೆಯ ದಿನ ಯಾವುದು ಅಂತ ಇರಲಿಲ್ಲ. ಮೊದಲ ಪುಟದಲ್ಲೇ ಕನ್ನಡದಲ್ಲಿ ಇಂಥ ತಾರೀಖಿನೊಳಗೆ ಕಟ್ಟಿ, ಆಗದಿದ್ದರೆ ಅದಕ್ಕೂ ಮುಂಚೆಯೇ ಬಂದು ಸಮಯ ಕೇಳಿ ಅಂತ ಒಂದು ಸಾಲು ಬರೆದಿದ್ದರೆ, ಕಾಕಾ ರಾಶಿಯ ಲೆಕ್ಕ ಹಿಡಿದು ಆಗಸ್ಟಿನಲ್ಲೇ ಕೋರ್ಟಿನ ಮುಂದೆ ನಿಂತಿರುತ್ತಿದ್ದರು.